ಅವಳ ಪಾಲಿನ ನೀರು

ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ನಮ್ಮಪ್ಪನ ಕಾಲದಲ್ಲಿ ಇದ್ದಿಲು ತುಂಬುವ ಇಸ್ತ್ರಿಪೆಟ್ಟಿಗೆ ಇತ್ತು, ನನ್ನ ಕಾಲಕ್ಕೆ ಕರೆಂಟಿನದು ಬಂತು, ಮಗನ ಕಾಲಕ್ಕೆ ಎರಡು ಹಲಗೆ ಒಂದರ ಮೇಲೊಂದು ಬಾಯಿ ಮುಚ್ಚಿ ಬುಸ್ಸೆಂದು ಆವಿ ಬಿಡುವ ದೊಡ್ಡ ಪ್ರೆಸ್ಸು ಬಂತು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಹೋಟೆಲುಗಳ ಹಾಸಿಗೆ ಹೊದಿಕೆ, ಆಸ್ಪತ್ರೆಯ ಕೋಟು, ಶಾಲೆಮಕ್ಕಳ ಸಮವಸ್ತ್ರ ಎಲ್ಲವೂ ನಮ್ಮ ಕೈಮೇಲೆ ಹಾದು ಹೋಗುತ್ತಿದ್ದವು. ಬೇಸಿಗೆಯಿರಲಿ ಚಳಿಯಿರಲಿ, ಪ್ರೆಸ್ಸಿನ ಮುಂದೆ ನಿಂತವರ ಬೆನ್ನು ಒದ್ದೆಯೇ. ನಾನು ನಿಲ್ಲುತ್ತಿದ್ದ ದಿನಗಳಲ್ಲಿ ಪಕ್ಕದಲ್ಲೊಂದು ಕೊಡ ನೀರು ಇಟ್ಟುಕೊಂಡೇ ನಿಲ್ಲುತ್ತಿದ್ದೆ. ಅದನ್ನು ಯಾರೂ ಕಲಿಸಬೇಕಾಗಿಲ್ಲ. ಬಿಸಿಯ ಹತ್ತಿರ ದುಡಿಯುವವರಿಗೆ ಮೈಯೇ ಕಲಿಸುತ್ತದೆ.

ಮಗನಿಗೆ ಕಾಯಿಲೆ ಸದ್ದಿಲ್ಲದೆ ಬಂತು. ಬಿಪಿ ಇತ್ತಂತೆ, ಎಷ್ಟು ವರ್ಷದಿಂದಲೋ. ತಲೆ ಸಿಡಿದರೆ ಒಂದು ಮಾತ್ರೆ ನುಂಗಿ ಮತ್ತೆ ಪ್ರೆಸ್ಸಿಗೆ ನಿಲ್ಲುತ್ತಿದ್ದ. ಕಾಲು ಊದಿದರೆ, ನಿಂತೂ ನಿಂತೂ ಊದಿದೆ ಎನ್ನುತ್ತಿದ್ದ. ನಿಲ್ಲುವ ಕೆಲಸದವರ ಕಾಲು ಊದದೆ ಇನ್ನಾರದು ಊದಬೇಕು ಎಂದು ನಾನೂ ಅಂದುಕೊಂಡೆ. ಒಂದು ಬೆಳಿಗ್ಗೆ ಮುಖವೆಲ್ಲ ಬಾತುಕೊಂಡು, ಉಸಿರು ಎಳೆಯಲಾಗದೆ, ಪ್ರೆಸ್ಸಿನ ಹಿಡಿ ಹಿಡಿದುಕೊಂಡೇ ಕುಸಿದ. ಎರಡೂ ಕಿಡ್ನಿ ಹೋಗಿವೆ ಎಂದರು ಆಸ್ಪತ್ರೆಯ ಡಾಕ್ಟರಮ್ಮ.

"ಹೋಗಿವೆ ಅಂದ್ರೆ ಎಲ್ಲಿಗಮ್ಮ?" ಎಂದೆ ನಾನು.

ಆಕೆ ನಗಲಿಲ್ಲ. "ಇದ್ದಲ್ಲೇ ಇವೆ ಅಜ್ಜ. ಕೆಲಸ ಬಿಟ್ಟಿವೆ."

ಅಂದಿನಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅದರ ಸೂಜಿ ಚುಚ್ಚಲೆಂದು ಎಡಗೈಯಲ್ಲಿ ಎರಡು ರಕ್ತನಾಳ ಸೇರಿಸಿ ಹೊಲಿದರು. ಅಲ್ಲಿ ಬೆರಳಿಟ್ಟರೆ ಗುಂಯ್ ಎಂದು ದುಂಬಿ ಹಾಡಿದಂತೆ ಆಗುತ್ತಿತ್ತು. ಆ ಹಾಡು ನಿಂತರೆ ತಕ್ಷಣ ಓಡಿ ಬನ್ನಿ ಎಂದಿದ್ದರು. ಬೆಳಿಗ್ಗೆ ಕಣ್ಣುಬಿಟ್ಟ ಕೂಡಲೇ ನನ್ನ ಸೊಸೆ ಮಾಡುತ್ತಿದ್ದ ಮೊದಲ ಕೆಲಸ ಗಂಡನ ಆ ಕೈಯನ್ನು ಕಿವಿಗೆ ಒತ್ತಿಕೊಂಡು ಕೇಳುವುದು. ಆ ಕೈಯಲ್ಲಿ ಭಾರ ಎತ್ತಲು ಬಿಡುತ್ತಿರಲಿಲ್ಲ, ಬಿಪಿ ಪಟ್ಟಿ ಕಟ್ಟಲು ಬಿಡುತ್ತಿರಲಿಲ್ಲ, ಅದರ ಮೇಲೆ ತಲೆಯಿಟ್ಟು ಮಲಗಲೂ ಬಿಡುತ್ತಿರಲಿಲ್ಲ. ಮಕ್ಕಳಿಲ್ಲದ ಮನೆ. ಆ ಕೈಯೇ ಅವಳಿಗೆ ಮಗುವಾಯಿತು.

ಅಡುಗೆಯನ್ನೂ ಹೊಸದಾಗಿ ಕಲಿತಳು. ತರಕಾರಿ ಸಣ್ಣಗೆ ಹೆಚ್ಚಿ, ನೀರಲ್ಲಿ ನೆನೆಸಿ, ಬೇಯಿಸಿ, ಬೆಂದ ನೀರು ಚೆಲ್ಲಿ, ಆಮೇಲೆ ಒಗ್ಗರಣೆ. ಬಾಳೆಹಣ್ಣು ಮನೆಗೆ ಬರುವುದು ನಿಂತಿತು. ಊಟದ ನಡುವೆ ನುಂಗುವ ಮಾತ್ರೆಯನ್ನು ತಟ್ಟೆಯ ಅಂಚಿಗೇ ಇಟ್ಟು ಬಡಿಸುತ್ತಿದ್ದಳು. ಉಪ್ಪಿನ ಡಬ್ಬಿ ಮೇಲಿನ ಗೂಡಿಗೆ ಹೋಯಿತು.

ಇವೆಲ್ಲ ಅವನಿಗೆ ಅಭ್ಯಾಸವಾದವು. ಆಗದೇ ಹೋದದ್ದು ನೀರು ಒಂದೇ. ಉಚ್ಚೆ ಬಾರದವನ ಮೈಗೆ ಹೋದ ನೀರು ಮೈಯಲ್ಲೇ ಉಳಿಯುತ್ತದೆ, ಎದೆಗೆ ಏರುತ್ತದೆ. ಹಾಗಾಗಿ ದಿನಕ್ಕೆ ಒಂದು ಪುಟ್ಟ ಬಾಟಲಿಯಷ್ಟು ನೀರು, ಕಾಫಿಯೂ ಸಾರೂ ಅದರಲ್ಲೇ ಸೇರಿ. ಆವಿಯಲ್ಲಿ ಬೆಳೆದ ಮಗ ಅವನು. ಹುಡುಗನಾಗಿದ್ದಾಗ ಚೊಂಬು ಎತ್ತಿ ಗಂಟಲಿಗೆ ಸುರಿದುಕೊಂಡರೆ ತಳ ಕಾಣುವವರೆಗೆ ಇಳಿಸುತ್ತಿರಲಿಲ್ಲ.

ಡಯಾಲಿಸಿಸ್ ಕೋಣೆಯಲ್ಲಿ ಎಲ್ಲರ ಕಷ್ಟವೂ ಅದೇ. ಹೋದ ಕೂಡಲೇ ತೂಕ ನೋಡುತ್ತಾರೆ. ಹಿಂದಿನ ಸಲಕ್ಕಿಂತ ಎಷ್ಟು ಏರಿದೆಯೋ ಅಷ್ಟು ನೀರು ಕುಡಿದಿದ್ದಾರೆ ಎಂದು ಲೆಕ್ಕ. ನನ್ನ ಮಗನ ಪಕ್ಕದ ಕುರ್ಚಿಯಲ್ಲಿ ಒಬ್ಬ ಮುದುಕ ಕೂರುತ್ತಿದ್ದ. ಲಾರಿ ಓಡಿಸಿ ಓಡಿಸಿ ನಿವೃತ್ತನಾದವನು, ಎಲ್ಲರೂ ಅವನನ್ನು ಡ್ರೈವರಣ್ಣ ಎಂದೇ ಕರೆಯುತ್ತಿದ್ದರು. ತಕ್ಕಡಿಯ ಮೇಲೆ ನಿಂತು ಪ್ರತಿ ಸಲವೂ ನರ್ಸಿನ ಜೊತೆ ಅವನದು ಜಗಳ.

"ಡ್ರೈವರಣ್ಣ, ಇದೇನಿದು, ಬಾವಿಗೆ ಬಿದ್ದು ಬಂದ್ರಾ?"

"ಚಪ್ಪಲಿ ತೂಕ ಸಿಸ್ಟರ್."

"ಚಪ್ಪಲಿ ಅಲ್ಲಿ ಮೂಲೇಲಿದೆ."

"ಹಂಗಾದ್ರೆ ಪಾಪದ ತೂಕ. ವಯಸ್ಸಾಯ್ತಲ್ಲ, ಹೆಚ್ಚಾಗಿದೆ."

ನನ್ನ ಮಗ ಮೊದಮೊದಲು ಅಲ್ಲಿ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಅವನನ್ನು ಮಾತಿಗೆ ಎಳೆದವನು ಈ ಡ್ರೈವರಣ್ಣ. "ತಮ್ಮಾ, ನಾವೆಲ್ಲ ವಾರಕ್ಕೆ ಮೂರು ಸಲ ಸರ್ವಿಸಿಂಗಿಗೆ ಬರೋ ಗಾಡಿಗಳು. ಹೊಸ ಗಾಡಿ ಹಂಗೆ ಮುಖ ಮಾಡ್ಬೇಡ," ಎಂದ. ಬಾಯಿ ಒಣಗಿದರೆ ಐಸಿನ ಚೂರು ಬಾಯಲ್ಲಿಟ್ಟುಕೋ, ನೀರು ಮುಕ್ಕಳಿಸಿ ಉಗುಳು ಎಂದು ಕಲಿಸಿದವನೂ ಅವನೇ. "ಉಪ್ಪು ತಿಂದೋನು ನೀರು ಕುಡೀಲೇಬೇಕು ಅಂತ ಗಾದೆ ಇದೆ. ನಮ್ಮ ಪಾಲಿಗೆ ಅದು ಗಾದೆಯಲ್ಲ, ಡಾಕ್ಟರ ಚೀಟಿ. ಉಪ್ಪು ಬಿಡು, ಅರ್ಧ ದಾಹ ತಾನೇ ಬಿಡುತ್ತೆ," ಎನ್ನುತ್ತಿದ್ದ. ಹೇಳುವವನು ತಾನು ಮಾಡುತ್ತಿರಲಿಲ್ಲ, ಅದು ಬೇರೆ ಮಾತು.

ಮನೆಯಲ್ಲಿ ನಾವೊಂದು ಕಟ್ಟಳೆ ಮಾಡಿಕೊಂಡೆವು. ಅವನ ಕಣ್ಣೆದುರು ಯಾರೂ ನೀರು ಕುಡಿಯಬಾರದು. ಕೊಡ ಹಿತ್ತಲಿಗೆ ಹೋಯಿತು. ನಾನು ಹಿತ್ತಲ ನಲ್ಲಿಗೆ ಬೊಗಸೆಯೊಡ್ಡಿ ಕುಡಿದು, ಮೀಸೆ ಒರೆಸಿಕೊಂಡು ಒಳಗೆ ಬರುತ್ತಿದ್ದೆ. ಅವನಿಗೆ ಗೊತ್ತಾಗುತ್ತಿತ್ತು. ಬಾಯಾರಿದವನ ಮೂಗು ಬಲು ಚುರುಕು.

ಒಂದು ಮಧ್ಯಾಹ್ನ ಡಯಾಲಿಸಿಸ್ ಮುಗಿಸಿ ಬಂದು ಮಲಗಿದ್ದ. ತೂಕ ಹೆಚ್ಚಾಗಿತ್ತೆಂದು ಆ ದಿನ ಜಾಸ್ತಿ ನೀರು ತೆಗೆದಿದ್ದರು, ಕಾಲಿನ ಮೀನಖಂಡ ಗಂಟುಗಟ್ಟಿ ಅಲ್ಲಿ ಕಿರುಚಿಕೊಂಡಿದ್ದ. ಸೊಸೆ ಕಾಲು ನೀವುತ್ತಾ, "ಇನ್ಮೇಲಾದ್ರೂ ಸ್ವಲ್ಪ ತಡ್ಕೊಳ್ರೀ," ಎಂದಳು. ಬೈದದ್ದಲ್ಲ, ಬೇಡಿಕೊಂಡದ್ದು. ಅವನಿಗೆ ಎಲ್ಲಿತ್ತೋ ಸಿಟ್ಟು.

"ತಡ್ಕೋಬೇಕಂತೆ! ಹಿತ್ತಲಿಗೆ ಹೋಗಿ ಹೊಟ್ಟೆ ತುಂಬ ಕುಡಿದು ಬಂದು ನಂಗೆ ಬುದ್ಧಿ ಹೇಳ್ತೀಯ. ಬಾಯಾರಿಕೆ ಅಂದ್ರೆ ಏನು ಅಂತ ನಿಂಗೇನೇ ಗೊತ್ತು?"

ಅವಳು ಕಾಲು ನೀವುವುದನ್ನು ನಿಲ್ಲಿಸಲಿಲ್ಲ. ಮರುದಿನ ಬೆಳಿಗ್ಗೆ ಅವನ ಬಾಟಲಿ ತುಂಬಿ ಮೇಜಿನ ಮೇಲಿಟ್ಟಳು. ಪಕ್ಕದಲ್ಲೇ ಅಂಥದೇ ಇನ್ನೊಂದು ಬಾಟಲಿ ಇಟ್ಟಳು.

"ಇದ್ಯಾರಿಗೆ?" ಎಂದ.

"ನಂಗೆ. ನೀವು ಒಂದು ಗುಟುಕು ಕುಡಿದ್ರೆ ನಾನೂ ಒಂದು ಗುಟುಕು. ನಂಗೂ ಗೊತ್ತಾಗ್ಲಿ."

"ಹುಚ್ಚೀನಾ ನೀನು? ಪ್ರೆಸ್ಸಿನ ಮುಂದೆ ನಿಲ್ಲೋಳು."

"ನಿಮಗಿಂತ ನಾನೇ ಗಟ್ಟಿ. ಪಂದ್ಯ ಕಟ್ತೀರಾ?"

ಅವನಿಗೆ ನಗು ಬಂತು. ಕಾಯಿಲೆ ಬಿದ್ದ ಮೇಲೆ ನಮ್ಮ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಎರಡು ದಿನ ಆಡಿ ಬಿಡುತ್ತಾರೆ ಎಂದುಕೊಂಡೆ. ಅವರು ಬಿಡಲಿಲ್ಲ. ಸಂಜೆ ಎರಡೂ ಬಾಟಲಿ ಪಕ್ಕಪಕ್ಕ ಹಿಡಿದು, ಯಾರದು ಹೆಚ್ಚು ಉಳಿದಿದೆ ನೋಡಿ ಎಂದು ನನ್ನ ಮುಂದೆ ಚಾಚುತ್ತಿದ್ದರು, ಮಕ್ಕಳು ಮೇಷ್ಟರಿಗೆ ಪಾಟಿ ತೋರಿಸುವ ಹಾಗೆ. ಗೆದ್ದವರಿಗೆ ಐಸಿನ ಚೂರು. ಅವನ ತೂಕ ಹತೋಟಿಗೆ ಬಂತು. ಕಾಲು ಗಂಟುಗಟ್ಟುವುದು ನಿಂತಿತು. ನರ್ಸು ತಕ್ಕಡಿ ನೋಡಿ, "ಏನು ಮಾಯ ಮಾಡಿದ್ರಿ?" ಎಂದರೆ, "ಮನೇಲಿ ಒಬ್ಳು ಮಾಯಗಾತಿ ಇದಾಳೆ," ಎನ್ನುತ್ತಿದ್ದ. ಡ್ರೈವರಣ್ಣ, ಜೊತೆಗೆ ಹೋಗುತ್ತಿದ್ದ ಅವಳಿಗೆ ಕೈಮುಗಿದು, "ತಾಯೀ, ನಮ್ಮನೆ ಹೆಂಗಸಿಗೂ ಸ್ವಲ್ಪ ಹೇಳಮ್ಮ. ನಾನು ಐಸು ಕೇಳಿದ್ರೆ ಅವಳು ಬಿಸಿಬಿಸಿ ಮಾತು ಕೊಡ್ತಾಳೆ," ಎನ್ನುತ್ತಿದ್ದ.

ಮಗ ಒಂದಿಷ್ಟು ಗೆಲುವಾದ. ಅಂಗಡಿಗೆ ಬಂದು ಕೂತು ಬಟ್ಟೆ ಮಡಚತೊಡಗಿದ, ಗಿರಾಕಿಗಳ ಜೊತೆ ಹರಟತೊಡಗಿದ. ಪ್ರೆಸ್ಸು ಮಾತ್ರ ಅವಳದೇ ಆಯಿತು. ನನ್ನ ಕೈ ನಡುಗುತ್ತದೆ, ಆ ಹಿಡಿ ಎಳೆಯಲಾಗದು. ಬೆಳಗಿನಿಂದ ಸಂಜೆವರೆಗೆ ಆವಿಯಲ್ಲಿ ನಿಂತು, ರವಿಕೆ ಮೈಗಂಟಿ, ಕೂದಲ ತುದಿಯಿಂದ ಬೆವರು ತೊಟ್ಟಿಕ್ಕುತ್ತಿದ್ದರೂ ಅವಳು ಗುಟುಕಿಗೆ ಗುಟುಕು ಅವನ ಲೆಕ್ಕದಲ್ಲೇ ಇದ್ದಳು. ನೋಡಿಕೊಳ್ಳುವವರು ತಮ್ಮ ಊಟ ನಿದ್ದೆಯನ್ನೂ ನೋಡಿಕೊಳ್ಳಬೇಕು ಎಂದು ನರ್ಸು ಆಗಾಗ ಹೇಳುತ್ತಿದ್ದರು. ಹೂಂ ಎಂದು ತಲೆಯಾಡಿಸುತ್ತಿದ್ದೆವು. ಊಟ ನಿದ್ದೆ ಸರಿಯಾಗಿಯೇ ಇತ್ತಲ್ಲ. ಕೆಲವು ವರ್ಷ ಹೀಗೇ ನಡೆಯಿತು. ನಡುನಡುವೆ ಅವಳು ಸೊಂಟ ಹಿಡಿದುಕೊಂಡು ಗೋಡೆಗೆ ಒರಗುವಳು. ಏನಮ್ಮ ಎಂದರೆ, "ಏನಿಲ್ಲ ಮಾವ, ನಿಂತೂ ನಿಂತೂ," ಎನ್ನುವಳು.

ಕಿಡ್ನಿ ಕೊಡುವ ಮಾತು ಎತ್ತಿದವಳು ಅವಳೇ. ಅವಳ ರಕ್ತದ ಗುಂಪು ಅವನ ಗುಂಪಿಗೆ ಆಗುತ್ತದೆ ಎಂದು ತಿಳಿದ ದಿನ ಆಸ್ಪತ್ರೆಯಿಂದ ಓಡಿಕೊಂಡೇ ಬಂದಿದ್ದಳು. ಅದಕ್ಕೆ ಮುಂಚೆ ನಾನು ಡಾಕ್ಟರಮ್ಮನ ಹತ್ತಿರ ಹೋಗಿ ನನ್ನದನ್ನೇ ತೆಗೆಯಿರಿ ಎಂದು ಅಂಗಿ ಎತ್ತಿ ನಿಂತಿದ್ದೆ. "ಅಜ್ಜ, ನಿಮ್ಮದು ನಿಮಗೇ ಸಾಲ್ತಾ ಇಲ್ಲ," ಎಂದು ಅಂಗಿ ಕೆಳಗೆಳೆದು ಕಳಿಸಿದ್ದರು.

ಮಗ ಒಪ್ಪಲಿಲ್ಲ. "ನನ್ನ ಹಣೆಬರಹಕ್ಕೆ ನಿನ್ನ ಹೊಟ್ಟೆ ಯಾಕೆ ಕೊಯ್ಯಿಸಲಿ?" ಎಂದ. ಅವಳು ಜಗಳವಾಡಲಿಲ್ಲ. ದಿನವೂ ಊಟಕ್ಕೆ ಕೂತಾಗ ಒಂದೊಂದು ಮಾತು ಇಡುವಳು, ಬಟ್ಟೆಗೆ ಗಂಜಿ ಹಾಕಿದ ಹಾಗೆ, ಮೆಲ್ಲಗೆ ಗಟ್ಟಿಯಾಗಲಿ ಎಂದು.

"ದೇವರು ಎರಡು ಕೊಟ್ಟಿರೋದು ಯಾಕೆ? ಒಂದು ನಂಗೆ, ಒಂದು ನಿಮಗೆ."

"ಆಮೇಲೆ ನಿಂಗೇನಾದ್ರೂ ಆದ್ರೆ?"

"ಆಗ ನೀವು ನನ್ನ ಕಾಲು ನೀವಿ. ಋಣ ಇದೆ, ತೀರಿಸಿ."

ಕೊನೆಗೆ ಒಂದು ದಿನ ಅವನು, "ಆಗ್ಲಿ, ಪರೀಕ್ಷೆ ಮಾಡಿಸು," ಎಂದ. ಹಾಗೆಂದವನೇ ಎದ್ದು ಅಂಗಡಿಗೆ ಹೋಗಿ ಗೋಡೆ ನೋಡಿಕೊಂಡು ನಿಂತ. ಆಸೆ ಎಂಬುದು ಕೆಟ್ಟದ್ದು. ಇಲ್ಲದಾಗ ಹೇಗೋ ಬದುಕಿರುತ್ತೇವೆ, ಒಮ್ಮೆ ಒಳಗೆ ಬಿಟ್ಟುಕೊಂಡರೆ ಮನೆಯೆಲ್ಲ ಅದರದೇ. ಅವನು ಮತ್ತೆ ಪ್ರೆಸ್ಸಿನ ಮುಂದೆ ನಿಲ್ಲುವ ಮಾತಾಡಿದ. ಗಂಡ ಹೆಂಡತಿ ಇಬ್ಬರೂ ಎಲ್ಲಿಯೂ ಹೋದವರಲ್ಲ, ಡಯಾಲಿಸಿಸ್ ಬಿಟ್ಟು ಯಾವ ಊರಿಗೆ ಹೋಗುವುದು. ಸಮುದ್ರ ನೋಡಬೇಕು ಎಂದಳು ಅವಳು. "ನೀರು ಬಿಟ್ಟು ಬೇರೆ ಯೋಚನೇನೇ ಇಲ್ವೇನೇ ನಿಂಗೆ?" ಎಂದು ಅವನು ರೇಗಿಸಿದ.

ಪರೀಕ್ಷೆಗಳು ಒಂದೊಂದಾಗಿ ನಡೆದವು. ರಕ್ತ, ಉಚ್ಚೆ, ಎದೆ, ಸ್ಕ್ಯಾನು. ಕಡೆಗೊಂದು ಬೆಳಿಗ್ಗೆ ಡಾಕ್ಟರಮ್ಮ ಅವಳನ್ನು ಒಬ್ಬಳನ್ನೇ ಕರೆದರು. ಕೊಡುವವರ ವಿಷಯವನ್ನು ಕೊಡುವವರಿಗೆ ಮಾತ್ರ ಹೇಳುವುದು ಅಲ್ಲಿಯ ಪದ್ಧತಿಯಂತೆ. ಅವಳು ನನ್ನ ಕೈ ಹಿಡಿದು, "ಮಾವನೂ ಬರ್ಲಿ," ಎಂದಳು.

ಡಾಕ್ಟರಮ್ಮ ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ಕೆಳಗಿಟ್ಟರು. "ನಿಮ್ಮ ಕಿಡ್ನಿ ತಗೊಳ್ಳೋಕೆ ಆಗಲ್ಲಮ್ಮ," ಎಂದರು. ಎರಡರಲ್ಲೂ ಕಲ್ಲುಗಳಿವೆ. ಕಲ್ಲು ಮಾತ್ರವಲ್ಲ, ಕೆಲಸ ಮಾಡುವ ಶಕ್ತಿಯೂ ಈ ವಯಸ್ಸಿಗೆ ಇರಬೇಕಾದಷ್ಟಿಲ್ಲ. ಒಂದು ತೆಗೆದರೆ ಉಳಿದ ಒಂದು ತಾಳುವುದಿಲ್ಲ.

"ಕಲ್ಲು ತೆಗೆದು ಕೊಡಬಹುದಲ್ಲ ಮೇಡಂ? ಅಕ್ಕಿ ಆರಿಸಿದ ಹಾಗೆ?"

"ಆಗಲ್ಲಮ್ಮ." ಆಮೇಲೆ ಕೇಳಿದರು, "ಏನು ಕೆಲಸ ನಿಮ್ಮದು?"

ಹೇಳಿದಳು.

"ದಿನಕ್ಕೆ ಎಷ್ಟು ನೀರು ಕುಡೀತೀರ?"

ಅವಳು ಕೈಯಲ್ಲಿ ಬಾಟಲಿಯ ಉದ್ದ ತೋರಿಸಿದಳು. ಡಾಕ್ಟರಮ್ಮ ಮೊದಲು, ಒಂದು ಹೊತ್ತಿಗಾ ಎಂದು ಕೇಳಿದರು. ದಿನಕ್ಕೆ ಎಂದಳು. ಎಷ್ಟು ಕಾಲದಿಂದ ಎಂದರು. ಅದನ್ನೂ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಒಂದು ಚೂರು ಹೆಮ್ಮೆಯೂ ಇತ್ತು, ಯಾಕೆಂದರೆ ಅಲ್ಲಿಯವರೆಗೆ ಆ ಮಾತು ಕೇಳಿದವರೆಲ್ಲ ಹೊಗಳಿದವರೇ.

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯಾರಮ್ಮ ಹೀಗೆ ಮಾಡು ಅಂದಿದ್ದು?"

"ಯಾರೂ ಅನ್ಲಿಲ್ಲ. ಅವರು ಒಣಗಿದ ಬಾಯಲ್ಲಿ ಕೂತಿರ್ತಾರೆ, ನಾನು ಹೇಗೆ ಕುಡೀಲಿ?"

"ಅವರ ಕಿಡ್ನಿ ಕೆಲಸ ಮಾಡಲ್ಲ, ಅದಕ್ಕೆ ಅವರಿಗೆ ನೀರು ಕಮ್ಮಿ. ನಿಮ್ಮದು ಕೆಲಸ ಮಾಡುತ್ತಲ್ಲ, ಅದಕ್ಕೆ ನೀರು ಬೇಕು. ಅದರಲ್ಲೂ ಅಷ್ಟು ಬಿಸಿಯಲ್ಲಿ, ಅಷ್ಟು ಬೆವರು ಸುರಿಸಿ..." ಅಲ್ಲಿಗೆ ನಿಲ್ಲಿಸಿದರು. ಇದೊಂದೇ ಕಾರಣ ಎಂದು ಖಂಡಿತವಾಗಿ ಹೇಳಲಾಗದು, ಕೆಲವರಿಗೆ ಹುಟ್ಟಿನಿಂದಲೇ ಕಲ್ಲು ಕಟ್ಟುವ ಮೈ ಇರುತ್ತದೆ ಎಂದೂ ಸೇರಿಸಿದರು. ಅದು ಅವಳ ಕಿವಿಗೆ ಬೀಳಲಿಲ್ಲ. ಇನ್ನು ಮೇಲೆ ದಿನವಿಡೀ ನೀರು ಕುಡಿಯಬೇಕು, ಪ್ರೆಸ್ಸಿನ ಮುಂದೆ ನಿಂತ ದಿನ ಇನ್ನೂ ಹೆಚ್ಚು, ಉಳಿದಿರುವುದನ್ನು ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಇನ್ನು ಕೆಲವು ವರ್ಷಕ್ಕೆ ಗಂಡನ ಪಕ್ಕದ ಕುರ್ಚಿ ನಿಮ್ಮದೇ ಎಂದರು. ನಿಮ್ಮ ಯಜಮಾನರಿಗೆ ನಾವು ಕಾರಣ ಹೇಳುವುದಿಲ್ಲ, ಹೊಂದಲಿಲ್ಲ ಎಂದಷ್ಟೇ ಹೇಳುತ್ತೇವೆ, ಉಳಿದದ್ದು ನಿಮಗೆ ಬಿಟ್ಟದ್ದು ಎಂದರು.

ಹೊರಗೆ ಉದ್ದದ ಓಣಿ. ಗೋಡೆಗೆ ಸಾಲಾಗಿ ಬೆಂಚುಗಳು. ಅವಳು ಕೂರಲಿಲ್ಲ. ಓಣಿಯ ತುದಿಯಲ್ಲಿ ಜನ ಕುಡಿಯಲೆಂದು ನೀರಿನ ಯಂತ್ರವಿತ್ತು, ಅದನ್ನು ದಾಟಿ ಗೋಡೆಗೆ ಹಣೆಯೊತ್ತಿ ನಿಂತಳು.

"ನಾನೇ ಹಾಳ್ಮಾಡ್ದೆ ಮಾವ," ಎಂದಳು. "ಅವರಿಗೆ ಅಂತ ಇದ್ದದ್ದನ್ನ ನಾನೇ ಒಣಗಿಸಿಬಿಟ್ಟೆ."

ಹಾಗಲ್ಲಮ್ಮ ಎಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ಅವರಿಗೆ ಹೇಳ್ಬೇಡಿ. ಅವತ್ತು ಅವರೇ ಅಂದಿದ್ರಲ್ಲ, ಬಾಯಾರಿಕೆ ಅಂದ್ರೆ ನಿಂಗೇನು ಗೊತ್ತು ಅಂತ. ಅದರಿಂದ ಹೀಗಾಯ್ತು ಅಂತ ಗೊತ್ತಾದ್ರೆ ಅವರು ಬದುಕಲ್ಲ. ಡಯಾಲಿಸಿಸ್ ಬೇಡ ಅಂತ ಮನೇಲೇ ಮಲಗಿಬಿಡ್ತಾರೆ. ನನ್ನಾಣೆ ಮಾವ."

ನನ್ನ ಮಗನನ್ನು ನನಗಿಂತ ಚೆನ್ನಾಗಿ ಬಲ್ಲವಳು. ಹೂಂ ಎಂದೆ.

ಹೊಂದಲಿಲ್ಲ ಎಂದು ಮನೆಗೆ ಬಂದು ಹೇಳಿದೆವು. ಅವನು ಒಂದಿಷ್ಟು ಹೊತ್ತು ಅಂಗಿಯೊಂದರ ತೋಳು ಮಡಚುತ್ತಾ ಬಿಚ್ಚುತ್ತಾ ಇದ್ದ. ಆಮೇಲೆ ಅವಳನ್ನು ಸಮಾಧಾನಪಡಿಸಿದ್ದು ಅವನೇ. "ಹೋಗ್ಲಿ ಬಿಡೇ. ಮದುವೆಗೆ ಮುಂಚೆ ಜಾತಕ ಹೊಂದಿಸಿದ್ರು, ಇದನ್ನ ಹೊಂದಿಸೋದು ಮರೆತಿದ್ರು," ಎಂದ. ಸತ್ತವರ ಕಿಡ್ನಿ ಯಾರಾದರೂ ಕೊಟ್ಟರೆ ಸಿಗಲಿ ಎಂದು ಹೆಸರು ಬರೆಸಿದೆವು. ಆ ಸಾಲು ಬಹಳ ಉದ್ದ. ನಾವು ಅದರ ಬಾಲದಲ್ಲಿದ್ದೆವು.

ಇಷ್ಟಕ್ಕೇ ನಿಂತಿದ್ದರೆ ನಾನು ಮಾತು ಉಳಿಸಿಕೊಳ್ಳುತ್ತಿದ್ದೆ. ಆದರೆ ಅವಳು ನೀರು ಕುಡಿಯಲಿಲ್ಲ. ಅವನ ಎದುರು ಕುಡಿದರೆ ಯಾಕೆ ಎಂದು ಕೇಳುತ್ತಾನೆ. ಹಿತ್ತಲಿಗೆ ಹೋಗಿ ಕುಡಿ ಎಂದರೆ ಹೋಗುವಳು, ಬೊಗಸೆ ತುಂಬಿಕೊಳ್ಳುವಳು, ಬಾಯಿ ತನಕ ತರುವಳು, ಮುಖಕ್ಕೆ ಎರಚಿಕೊಂಡು ಬಂದುಬಿಡುವಳು.

"ಕುಡಿಯಮ್ಮ, ನಿನ್ನ ಕಾಲಿಗೆ ಬೀಳ್ತೀನಿ."

"ಇಳಿಯಲ್ಲ ಮಾವ. ಗಂಟಲಲ್ಲೇ ನಿಲ್ಲುತ್ತೆ."

"ಡಾಕ್ಟರಮ್ಮ ಏನಂದ್ರು ಮರೆತೆಯಾ?"

"ಕೊಡೋಕಾಗದ ಮೇಲೆ ಇಟ್ಕೊಂಡು ಏನ್ಮಾಡ್ಲಿ?"

ಇದು ಬಾಯಿತಪ್ಪಿ ಬಂದ ಮಾತಲ್ಲ ಎಂದು ನನಗೆ ಗೊತ್ತಾಯಿತು. ಅವಳು ತನಗೆ ತಾನೇ ಶಿಕ್ಷೆ ಹಾಕಿಕೊಂಡಿದ್ದಳು. ಬಿಸಿಲು ಏರುತ್ತಿದ್ದ ದಿನಗಳು ಅವು. ಪ್ರೆಸ್ಸು ಬಾಯಿ ತೆರೆದಾಗಲೆಲ್ಲ ಅವಳು ಆವಿಯಲ್ಲಿ ಮರೆಯಾಗಿ ಮತ್ತೆ ಕಾಣಿಸುವಳು, ಪ್ರತಿ ಸಲ ಒಂದಿಷ್ಟು ಸಣ್ಣಗಾದ ಹಾಗೆ. ಒಮ್ಮೆ ಹೋಟೆಲಿನ ಹೊದಿಕೆಯ ಮೇಲೆಯೇ ಕಣ್ಣು ಕತ್ತಲಿಟ್ಟು ಬಾಗಿದಳು, ಬಿಸಿ ಹಲಗೆಗೆ ಕೈ ತಾಗಿ ಬೊಬ್ಬೆ ಎದ್ದಿತು. ಮಗನಿಗೆ, ಕೈ ಜಾರಿತು ಎಂದಳು. ಹೇಳಿದರೆ ಮಗ ಹೋಗುತ್ತಾನೆ, ಹೇಳದಿದ್ದರೆ ಸೊಸೆ ಹೋಗುತ್ತಾಳೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ಎಷ್ಟು ದಿನ ಓಡಾಡಿದೆನೋ.

ಹೇಳುವುದಾದರೆ ಅವನು ಎದ್ದು ಹೋಗಲಾಗದ ಜಾಗದಲ್ಲಿ ಹೇಳಬೇಕು ಎಂದುಕೊಂಡೆ. ಡಯಾಲಿಸಿಸ್ಸಿಗೆ ಜೊತೆಗೆ ಹೋಗುತ್ತಿದ್ದವಳು ಅವಳು. ಆ ದಿನ ಕೈಯ ಬೊಬ್ಬೆ ಒಡೆದಿದೆ, ನೀನು ಮನೆಯಲ್ಲಿರು ಎಂದು ನಾನು ಹೋದೆ. ಎರಡು ಸೂಜಿ ಚುಚ್ಚಿ, ಕೊಳವೆ ಜೋಡಿಸಿ, ಯಂತ್ರ ತಿರುಗತೊಡಗಿದ ಮೇಲೆ ಸ್ಟೂಲು ಹತ್ತಿರ ಎಳೆದುಕೊಂಡೆ.

"ಮಗಾ, ಒಂದು ಮಾತು ಹೇಳ್ತೀನಿ. ಪೂರ್ತಿ ಕೇಳು."

ಎಲ್ಲವನ್ನೂ ಹೇಳಿದೆ. ಓಣಿಯಲ್ಲಿ ಅವಳು ಆಣೆ ಹಾಕಿದ್ದನ್ನೂ, ಅವನು ಅಂದಿದ್ದ ಮಾತನ್ನೂ ಬಿಡಲಿಲ್ಲ. ಡ್ರೈವರಣ್ಣ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ನಿದ್ದೆ ಬಂದವನ ಹಾಗೆ ತಲೆ ಆ ಕಡೆ ತಿರುಗಿಸಿಕೊಂಡ. ನಿದ್ದೆ ಮಾಡಿದರೆ ಗೊರಕೆ ಹೊಡೆಯುವವನು ಅವನು, ಆ ದಿನ ಗೊರಕೆ ಇರಲಿಲ್ಲ.

ಕೊಳವೆಯಲ್ಲಿ ಮಗನ ರಕ್ತ ಹೋಗುತ್ತಿತ್ತು, ಬರುತ್ತಿತ್ತು. ಆಮೇಲೆ ಬಲಗೈಯಿಂದ ನನ್ನ ಕೈ ಹಿಡಿದುಕೊಂಡ. ಸೂಜಿ ಚುಚ್ಚಿದ ಕೈ ಅಲುಗಿಸುವಂತಿಲ್ಲ, ನನ್ನ ಕೈ ಹಿಡಿದದ್ದನ್ನು ಅವನು ಬಿಡಲಿಲ್ಲ. ಮುಖ ಮುಚ್ಚಿಕೊಳ್ಳಲು ಅವನಿಗೆ ಕೈಯೇ ಇರಲಿಲ್ಲ. ಉಚ್ಚೆ ಬತ್ತಿದವನ ಮೈಯಲ್ಲಿ ಅಷ್ಟು ಕಣ್ಣೀರು ಎಲ್ಲಿತ್ತೋ. ನರ್ಸು ಓಡಿ ಬಂದು ಬಿಪಿ ಇಳಿಯಿತೇ ಎಂದು ನೋಡಿ, ನನ್ನ ಮುಖ ನೋಡಿ, ಪರದೆ ಎಳೆದು ಹೋದರು.

ಅಳು ಇಳಿದ ಮೇಲೆ, "ನಾನು ಆ ಮಾತು ಆಡಿದ್ದು ನಂಗೆ ನೆನಪೇ ಇಲ್ಲ ಅಪ್ಪ," ಎಂದ.

ಅವಳು ಹೆದರಿದ್ದಂತೆ ಅವನು ಡಯಾಲಿಸಿಸ್ ಬಿಡಲಿಲ್ಲ. ಮನೆಗೆ ಬಂದವನು ಸೀದಾ ಅಂಗಡಿಗೆ ಹೋದ. ಪ್ರೆಸ್ಸು ಆರಿಸಿದ. ಹಿತ್ತಲಿನಿಂದ ಕೊಡ ತಂದು, ಒಂದೇ ಕೈಯಲ್ಲಿ ಎಳೆದುಕೊಂಡು ಬಂದು ಅವಳ ಕಾಲಬುಡದಲ್ಲಿ ಇಟ್ಟ.

"ಕುಡಿ."

ಅವಳು ಅವನನ್ನು ನೋಡಲಿಲ್ಲ. ಅವನ ಹಿಂದೆ ನಿಂತಿದ್ದ ನನ್ನನ್ನು ನೋಡಿದಳು.

"ಹೇಳಿಬಿಟ್ರಾ," ಎಂದಳು.

"ನನ್ನ ಎದುರಿಗೇ ಕುಡಿ," ಎಂದ ಅವನು. "ನೀನು ಕುಡಿಯೋ ತನಕ ಇವತ್ತಿನ ನನ್ನ ಪಾಲು ನಾನು ಮುಟ್ಟಲ್ಲ."

ಕುಡಿದಳು. ಅಳುತ್ತಾ, ಕೆಮ್ಮುತ್ತಾ, ಗದ್ದದಿಂದ ಕುತ್ತಿಗೆಗೆ ಸುರಿಯುತ್ತಾ ಇದ್ದರೂ ಕುಡಿದಳು. ಅವನು ಒಣಗಿದ ತುಟಿ ಬಿಗಿಹಿಡಿದು, ಅವಳ ಗಂಟಲು ಏರುವುದನ್ನು ಇಳಿಯುವುದನ್ನು ನೋಡುತ್ತಾ ನಿಂತಿದ್ದ.

ಆಮೇಲಿನಿಂದ ಅದೇ ಪದ್ಧತಿಯಾಯಿತು. ಅವನು ಪ್ರೆಸ್ಸಿನ ಪಕ್ಕ ಕುರ್ಚಿ ಹಾಕಿಕೊಂಡು ಬಟ್ಟೆ ಮಡಚುವನು, ಹೊತ್ತು ಹೊತ್ತಿಗೆ ಲೋಟ ತುಂಬಿ ಚಾಚುವನು. ಅವಳು ಬೇಡವೆನ್ನುವುದಿಲ್ಲ, ಕೊಡಿ ಎನ್ನುವುದೂ ಇಲ್ಲ. ಪಂದ್ಯವಿಲ್ಲ, ನಗುವಿಲ್ಲ. ಬಾಯಾರಿಕೆಯನ್ನು ಹಂಚಿಕೊಂಡಿದ್ದಾಗ ಅವರಿಬ್ಬರ ನಡುವೆ ಏನಿತ್ತೋ ಅದು ಈಗಿಲ್ಲ. ಒಬ್ಬರ ತಪ್ಪನ್ನು ಇನ್ನೊಬ್ಬರು ಕಾಯುತ್ತಾ ಕೂತ ಹಾಗೆ ಕಾಣುತ್ತದೆ. ಡಾಕ್ಟರಮ್ಮ ಮೊನ್ನೆ ಅವಳ ರಕ್ತ ನೋಡಿ, ಕಿಡ್ನಿಯ ಶಕ್ತಿ ಇಳಿಯುತ್ತಿದ್ದದ್ದು ನಿಂತಿದೆ, ಹೀಗೇ ಇರಲಿ ಎಂದರು.

ನನ್ನ ಜೊತೆ ಅವಳು ಮಾತು ಬಿಟ್ಟಳು. ತಟ್ಟೆ ಹಾಕುವಳು, ಬಡಿಸುವಳು, ನನ್ನ ಔಷಧಿ ತೆಗೆದಿಡುವಳು, ಯಾವುದರಲ್ಲೂ ಕೊರತೆಯಿಲ್ಲ. ಮಾವ ಎಂಬ ಮಾತು ಮಾತ್ರ ಅವಳ ಬಾಯಿಂದ ಹೋಯಿತು. ಬಿಸಿಲು ಕಳೆದು, ಮಳೆ ಕಳೆದು, ಚಳಿ ಬಂತು. ನಾನೂ ಕೇಳಲಿಲ್ಲ. ಆಣೆ ಮುರಿದವನು ಏನೆಂದು ಕೇಳುವುದು?

ನಿನ್ನೆ ಮಗ ಒಳಗೆ ಮಲಗಿದ್ದ. ನಾವಿಬ್ಬರೂ ಒಂದು ದೊಡ್ಡ ಹೊದಿಕೆಯ ಎರಡು ತುದಿ ಹಿಡಿದು ಮಡಚುತ್ತಿದ್ದೆವು. ಆ ಕೆಲಸ ಒಬ್ಬರಿಂದಾಗದು, ಒಬ್ಬರು ಅಲ್ಲಿ, ಒಬ್ಬರು ಇಲ್ಲಿ ನಿಂತು, ಮಡಚುತ್ತಾ ಹತ್ತಿರ ಬರಬೇಕು. ಹತ್ತಿರ ಬಂದು ನನ್ನ ಕೈಯ ತುದಿಗಳನ್ನು ತೆಗೆದುಕೊಳ್ಳುವಾಗ ಅವಳು ಬಟ್ಟೆಯನ್ನೇ ನೋಡುತ್ತಾ ಕೇಳಿದಳು.

"ಅವತ್ತು ಅಲ್ಲಿ ಹೇಳಿದಾಗ ಅವರು ಅತ್ರಾ?"

"ಅತ್ತ ಕಣಮ್ಮ."

"ಒಂದು ಕೈಗೆ ಸೂಜಿ ಇರುತ್ತಲ್ಲ. ಯಾರು ಒರೆಸಿದ್ರು?"

"ನಾನೇ."

ತಲೆಯಾಡಿಸಿದಳು. ಮಡಚಿದ್ದನ್ನು ಎದೆಗೆ ಒತ್ತಿಕೊಂಡು ಒಂದು ಕ್ಷಣ ನಿಂತಳು. ಆಮೇಲೆ ರಾಶಿಯಿಂದ ಇನ್ನೊಂದು ಹೊದಿಕೆ ಎಳೆದು, ಅದರ ಎರಡು ತುದಿಗಳನ್ನು ನನ್ನ ಕೈಗೆ ಕೊಟ್ಟಳು.